ತಾಂಬೂಲದಲ್ಲಿ ಕೊಟ್ಟ ಕೂಲಿ

ಪ್ರೇಮಲೀಲಾ ಪಾಪರ್ ಚೀಟಿ ತೆಗೆದುಕೊಂಡಳಂತೆ ಎಂಬ ಸುದ್ದಿ ಕೃಷ್ಣಮೂರ್ತಿಪುರಂನಲ್ಲಿ ಹುಟ್ಟಿ, ಎರಡೇ ವಾರದಲ್ಲಿ ಲಷ್ಕರ್ ಮೊಹಲ್ಲಾದ ದಿನಸಿ ಅಂಗಡಿಗಳವರೆಗೆ ಹೋಗಿಬಂದಿತ್ತು. ಹೋಗುವಾಗ ಒಂದು ಸಾಲಿನಷ್ಟಿದ್ದದ್ದು ಬರುವಾಗ ಮೈಕೈ ತುಂಬಿಕೊಂಡಿತ್ತು. ಒಬ್ಬಟ್ಟು ತಟ್ಟಿಯೇ ಲಕ್ಷಗಟ್ಟಲೆ ಮಾಡಿದ್ದಾಳೆ, ಸರ್ಕಾರಕ್ಕೆ ಒಂದು ಪೈಸೆ ತೆರಿಗೆ ಕಟ್ಟಿಲ್ಲ, ರಾಮಕೃಷ್ಣನಗರದಲ್ಲಿ ತಂಗಿಯ ಹೆಸರಿಗೆ ಮಹಡಿ ಮನೆ ಕೊಂಡಿದ್ದಾಳೆ, ಈಗ ದಿವಾಳಿಯೆಂದು ಕೋರ್ಟಿನಲ್ಲಿ ಕೈಯೆತ್ತಿ ಕೊಟ್ಟವರಿಗೆಲ್ಲ ನಾಮ ಹಾಕುತ್ತಾಳೆ. ಹೇಳುವವರ ಬಳಿ ಸಾಕ್ಷಿಯೂ ಇತ್ತು. ಬೆಳಿಗ್ಗೆ ಆರೂವರೆಗೆ ಅವಳು ಆ ಮಹಡಿ ಮನೆಯ ಗೇಟಿನ ಬೀಗ ತೆಗೆದು ಒಳಗೆ ಹೋಗುವುದನ್ನು ಹಾಲಿನವನು ನೋಡಿದ್ದ. ವಕೀಲ ವೆಂಕಟಸುಬ್ಬಯ್ಯನವರ ಕಚೇರಿಯ ಮೆಟ್ಟಿಲು ಹತ್ತುವುದನ್ನು ಕಂಡವರು ಇಬ್ಬರಿದ್ದರು.

ಕಂಡದ್ದು ಸುಳ್ಳಲ್ಲ. ಆದರೆ ಪ್ರೇಮಲೀಲಾಗೆ ತಂಗಿಯೇ ಇಲ್ಲ. ಆ ಮನೆ ನಿವೃತ್ತ ಪ್ರಾಧ್ಯಾಪಕ ದಂಪತಿಯದು. ಅವಳು ಅಲ್ಲಿಗೆ ಹೋಗುತ್ತಿದ್ದುದು ಚಪಾತಿ, ಪಲ್ಯ, ಸಾರು ಮಾಡಿಟ್ಟು ಬರಲು. ತಡವಾಗಿ ಏಳುವ ಅವರು ಗೇಟಿನ ಕೀಲಿಯೊಂದನ್ನು ಅವಳ ಕೈಗೇ ಕೊಟ್ಟಿದ್ದರು. ಹನ್ನೊಂದು ಜನಕ್ಕೆ ಕೆಲಸ ಕೊಟ್ಟಿದ್ದ ಹೆಂಗಸು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಇನ್ನೊಬ್ಬರ ಅಡುಗೆಮನೆಗೆ ಹೋಗುವಂತಾದದ್ದು ಹೇಗೆ ಎಂಬುದು ಸುದ್ದಿಗಿಂತ ನಿಧಾನವಾಗಿ ಹೇಳಬೇಕಾದ ಸಂಗತಿ.

ಹದಿನಾಲ್ಕು ವರ್ಷದ ಹಿಂದೆ, ಗಂಡ ತೀರಿಕೊಂಡ ಮರುವರ್ಷ, ಅವಳು ನೆಂಟರಿಷ್ಟರ ಮದುವೆಗಳಿಗೆ ಒಬ್ಬಟ್ಟು ಮಾಡಿಕೊಡಲು ಆರಂಭಿಸಿದಳು. ಕಣಕ ನಾದಿ ಹೂರಣ ರುಬ್ಬುವುದು ಒಬ್ಬರಿಂದ ಆಗುವ ಕೆಲಸವಲ್ಲ; ಅಕ್ಕಪಕ್ಕದ ಮನೆಯ ಹೆಂಗಸರು ಕೈಜೋಡಿಸಿದರು. ಸಹಾಯಕ್ಕೆಂದು ಬಂದವರ ಕೈಗೆ ಕೂಲಿಯೆಂದು ನೋಟು ಇಡಲು ಅವಳಿಗೆ ಮನಸ್ಸು ಬರಲಿಲ್ಲ. ಕೆಲಸ ಮುಗಿದ ಮೇಲೆ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ಎರಡು ವೀಳ್ಯದೆಲೆಯ ನಡುವೆ ಅಡಿಕೆಯ ಜೊತೆ ನೋಟನ್ನೂ ಮಡಿಸಿಟ್ಟು ತಾಂಬೂಲವೆಂದು ಕೊಟ್ಟಳು. ಗಂಡನಿಲ್ಲದವರಿಗೆ ಕುಂಕುಮ ಕೊಡುವುದೇ ಎಂದು ಯಾರೋ ಮೊದಲ ದಿನ ಅನುಮಾನಿಸಿದಾಗ, ಕೊಡುತ್ತಿರುವ ನನಗೇ ಗಂಡನಿಲ್ಲವಲ್ಲ ಎಂದು ನಕ್ಕು ಮುಂದಿನವಳ ಹಣೆಗೆ ಕೈ ಚಾಚಿದ್ದಳು.

ಆ ಪದ್ಧತಿ ಹಾಗೆಯೇ ಉಳಿಯಿತು. ನೆರೆಮನೆಯವರು ಹೋಗಿ ದೂರದ ಬಡಾವಣೆಗಳಿಂದ ಹೆಂಗಸರು ಬಂದರು. ಮದುವೆಯ ಒಬ್ಬಟ್ಟಿನ ಜೊತೆಗೆ ದಿನನಿತ್ಯದ ಚಪಾತಿ ಸೇರಿತು. ಲಾಕ್‌ಡೌನ್ ಮುಗಿದ ವರ್ಷ ಊರಾಚೆಯ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಚಪಾತಿ ಒದಗಿಸುವ ಕಂಟ್ರಾಕ್ಟು ಸಿಕ್ಕಿತು. ಕಾರ್ಖಾನೆಯವರು ಪ್ಯಾನ್ ಕಾರ್ಡ್ ಕೇಳಿದರು. ಗುಂಪಿನಲ್ಲಿ ಅದು ಇದ್ದದ್ದು ಅವಳೊಬ್ಬಳಿಗೆ, ಅದೂ ಸೈಬರ್ ಅಂಗಡಿಯವನು ತನ್ನದೇ ಇಮೇಲ್ ಹಾಕಿ ಮಾಡಿಸಿಕೊಟ್ಟದ್ದು. ವರ್ಷಕ್ಕೆ ಇಪ್ಪತ್ತು ಲಕ್ಷದಷ್ಟು ಹಣ ಅವಳ ಖಾತೆಗೆ ಬರತೊಡಗಿತು. ಅದರಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ವೀಳ್ಯದೆಲೆಯಲ್ಲಿ ಮಡಿಸಿಕೊಂಡು ಹನ್ನೊಂದು ಮನೆಗಳಿಗೆ ಹೋಗುತ್ತಿತ್ತು. ಹಿಟ್ಟು, ಎಣ್ಣೆ, ಗ್ಯಾಸು, ಬಾಡಿಗೆ ಕಳೆದು ಅವಳಿಗೆ ಉಳಿಯುತ್ತಿದ್ದದ್ದು ಒಬ್ಬ ಗುಮಾಸ್ತೆಯ ಸಂಬಳ. ಕಾರ್ಖಾನೆಯವರು ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಒಂದು ರೂಪಾಯಿಯನ್ನು ತೆರಿಗೆಯೆಂದು ಹಿಡಿದುಕೊಳ್ಳುತ್ತಿದ್ದರು. ತನ್ನ ತೆರಿಗೆ ಅಲ್ಲಿಗೆ ಮುಗಿಯಿತೆಂದು ಅವಳು ಪ್ರಾಮಾಣಿಕವಾಗಿ ನಂಬಿದ್ದಳು.

ಮೂರು ವರ್ಷ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳೆಲ್ಲ ಸೈಬರ್ ಅಂಗಡಿಯ ಇಮೇಲಿಗೆ ಹೋಗಿ ಬಿದ್ದವು. ಆ ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಕವರು ಮಾರುವ ಅಂಗಡಿ ಬಂದಿತ್ತು. ಉತ್ತರ ಬಾರದ್ದರಿಂದ ಇಲಾಖೆ ತಾನೇ ಲೆಕ್ಕ ಹಾಕಿತು. ಅವಳಿಗೆ ವಿಷಯ ತಿಳಿದದ್ದು ಹಿಟ್ಟಿನವನಿಗೆ ಕೊಟ್ಟ ಚೆಕ್ಕು ವಾಪಸಾದ ದಿನ. ಬ್ಯಾಂಕಿನಲ್ಲಿ ಖಾತೆಯನ್ನು ತಡೆಹಿಡಿಯಲಾಗಿದೆ ಎಂದರು. ಬಾಕಿ, ಬಡ್ಡಿ, ದಂಡ ಸೇರಿ ಹದಿನಾಲ್ಕು ಲಕ್ಷದ ಮೇಲೆ.

ನಿಶ್ಚಿತಾ ಎಂಬ ತೆರಿಗೆ ಸಲಹೆಗಾರ್ತಿ, ಒಂದು ಕಾಲದಲ್ಲಿ ಪ್ರೇಮಲೀಲಾಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಓದಿದವಳು, ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಎರಡು ಗಂಟೆ ಕೂತಳು. ದಿನಸಿಯ ಬಿಲ್ಲುಗಳು ಸಿಗುತ್ತವೆ, ಗ್ಯಾಸಿನದೂ ಸಿಗುತ್ತದೆ, ದೊಡ್ಡ ಮೊತ್ತ ಕೂಲಿಯದೇ ಎಂದಳು.

"ಆಂಟಿ, ಇವರಿಗೆಲ್ಲ ಕೊಟ್ಟ ದುಡ್ಡಿಗೆ ಒಂದು ಸಹಿನಾದ್ರೂ ಇದೆಯಾ?"

"ತಾಂಬೂಲಕ್ಕೆ ಯಾರಾದ್ರೂ ಸಹಿ ತಗೋತಾರೇನಮ್ಮ?"

ನಿಶ್ಚಿತಾ ನಗಲಿಲ್ಲ. ಕೊಟ್ಟದ್ದಕ್ಕೆ ಪುರಾವೆಯಿಲ್ಲದಿದ್ದರೆ ಅಷ್ಟೂ ಹಣವನ್ನು ಪ್ರೇಮಲೀಲಾಳೇ ಇಟ್ಟುಕೊಂಡಳೆಂದು ಕಾಗದ ಹೇಳುತ್ತದೆ ಎಂದು ವಿವರಿಸಿದಳು. ದಾರಿ ಒಂದಿದೆ: ಆ ಹನ್ನೊಂದು ಜನ ತಾವು ಇಷ್ಟು ಕೂಲಿ ಪಡೆದದ್ದು ಹೌದೆಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಬೇಗ ಮೇಲ್ಮನವಿ ಹೋಗಬೇಕು.

ಪ್ರೇಮಲೀಲಾ ಆಗುವುದಿಲ್ಲ ಎಂದಳು. ಹನ್ನೊಂದು ಮನೆಯಲ್ಲೂ ಬಿಪಿಎಲ್ ಕಾರ್ಡಿತ್ತು. ಈ ಕೂಲಿಗೆ ಗಂಡಂದಿರ ದುಡಿಮೆಯನ್ನೂ ಸೇರಿಸಿದರೆ ಕೆಲವರಾದರೂ ಮಿತಿ ದಾಟುತ್ತಾರೆ; ಅಕ್ಕಿ ನಿಲ್ಲುತ್ತದೆ, ಆಸ್ಪತ್ರೆಯ ರಿಯಾಯಿತಿ ನಿಲ್ಲುತ್ತದೆ. ತನ್ನ ಸಾಲಕ್ಕೆ ಅವರ ಪಡಿತರವನ್ನು ಒತ್ತೆಯಿಡಲಾರೆ ಎಂದು ಎದ್ದುಬಂದಳು. ಹೆಂಗಸರಿಗೆ ಕಂಟ್ರಾಕ್ಟು ಮುಗಿಯಿತೆಂದು ಮಾತ್ರ ಹೇಳಿ, ಕಾರಣ ಹೇಳದೆ ಅಡುಗೆಕೋಣೆಗೆ ಬೀಗ ಹಾಕಿದಳು. ಮರುವಾರ ರಾಮಕೃಷ್ಣನಗರದ ಕೆಲಸ ಒಪ್ಪಿಕೊಂಡಳು.

ಆಮೇಲೆಯೇ ಅವಳು ವೆಂಕಟಸುಬ್ಬಯ್ಯನವರ ಮೆಟ್ಟಿಲು ಹತ್ತಿದ್ದು. ದಿವಾಳಿ ಅರ್ಜಿ ಹಾಕಿಕೊಂಡರೆ ಸಾಲವೆಲ್ಲ ತೊಳೆದುಹೋಗುತ್ತದೆಂದು ಯಾರೋ ಹೇಳಿದ್ದರು. ವಕೀಲರು ಒಳ್ಳೆಯವರು, ಅರ್ಜಿಯನ್ನು ಟೈಪು ಮಾಡಿಸಿಟ್ಟು, ಅವಳು ಎರಡನೆಯ ಸಲ ಹೋದಾಗ ಸಹಿಗೆ ಮುಂಚೆ ಕನ್ನಡಕ ತೆಗೆದಿಟ್ಟು ಒಂದು ಮಾತು ಹೇಳಿದರು.

"ನೋಡೀಮ್ಮ, ಸರ್ಕಾರದ ಬಾಕಿ ಇದ್ರಿಂದ ಹೋಗಲ್ಲ. ಅದು ಹಾಗೇ ಇರುತ್ತೆ. ಹೋಗೋದು ಮಿಕ್ಕವರದು."

"ಮಿಕ್ಕವರು ಅಂದ್ರೆ?"

"ದಿನಸಿ ಅಂಗಡಿ, ಪಾತ್ರೆ ಬಾಡಿಗೆಯವರು, ಕೈಸಾಲ ಕೊಟ್ಟೋರು."

ಅವಳು ಲೇಖನಿ ಕೆಳಗಿಟ್ಟಳು. "ಅಂದ್ರೆ ನನ್ನ ನಂಬಿದೋರಿಗೆ ಮಾತ್ರ ಕೈಕೊಟ್ಟಂಗಾಯ್ತು."

"ಕಾನೂನು ಅದನ್ನ ಕೈಕೊಟ್ಟಿದ್ದು ಅನ್ನಲ್ಲ."

"ಮಹದೇವು ಹಾಗೇ ಅಂತಾರಲ್ಲ ಸಾರ್."

ಮಹದೇವು ಲಷ್ಕರ್ ಮೊಹಲ್ಲಾದ ದಿನಸಿ ವ್ಯಾಪಾರಿ. ಅವನಿಗೆ ಕೊಡಬೇಕಾದದ್ದು ಎರಡು ಲಕ್ಷ ಹತ್ತು ಸಾವಿರ. ಹತ್ತು ವರ್ಷದಲ್ಲಿ ಅವನು ಒಮ್ಮೆಯೂ ಬಾಯಿಬಿಟ್ಟು ಕೇಳಿದವನಲ್ಲ. ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಅವಳು ನೇರ ಅವನ ಅಂಗಡಿಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮಹದೇವು ಸ್ಟೂಲು ಎಳೆದು ಹಾಕಿ, ಬೆಲ್ಲದ ಉಂಡೆಗಳನ್ನು ಜೋಡಿಸುತ್ತಲೇ ಹೇಳಿದ: "ಪಾಪರ್ ತಗೊಳ್ಳೋದಾದ್ರೆ ಮುಂಚೆನೇ ಹೇಳ್ಬುಡಿ ಕಣ್ರವ್ವ. ನಿಮ್ಮನ್ನ ನಂಬ್ಕೊಂಡು ಮೂರು ಮೂಟೆ ಕಡ್ಲೆಬೇಳೆ ತರ್ಸಿವ್ನಿ. ನಾನು ನನ್ ಹೆಂಡ್ತಿ ಕೂತ್ಕೊಂಡು ಒಬ್ಬಟ್ಟು ತಟ್ಟಕಾಯ್ತದಾ?"

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಅವನು ಅದನ್ನು ನೋಡದವನಂತೆ ಒಳಗೆ ಹೋಗಿ, ಮೂರು ವರ್ಷದ ಬಿಲ್ಲುಗಳ ನಕಲನ್ನು ಹಗ್ಗದಲ್ಲಿ ಕಟ್ಟಿ ತಂದುಕೊಟ್ಟ. ಅರ್ಜಿಗೆ ಸಹಿ ಹಾಕುವುದಿಲ್ಲವೆಂದು ಅವಳು ನಿರ್ಧರಿಸಿದ್ದು ಆ ಸ್ಟೂಲಿನ ಮೇಲೆ. ಬಿಲ್ಲಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮೇಲ್ಮನವಿಯ ಗಡುವಿಗೆ ಹನ್ನೆರಡು ದಿನ ಉಳಿದಿತ್ತು.

ಅದರಲ್ಲಿ ನಾಲ್ಕು ದಿನ ಕಳೆದ ಮೇಲೆ ದೇವಿರಮ್ಮ ಬಂದಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ಹನ್ನೆರಡು ವರ್ಷ ಪ್ರೇಮಲೀಲಾಳ ಪಕ್ಕದಲ್ಲಿ ಕೂತು ಕಣಕ ನಾದಿದವಳು. ಸುದ್ದಿ ಕೇಳಿ ಅವಳಿಗೆ ಸಿಟ್ಟು ಬಂದಿತ್ತು. ಕೆಲಸ ಬಿಡಿಸಿ, ಮನೆ ಕೊಂಡು, ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಬೆಳಿಗ್ಗೆಯೇ ಬಸ್ಸು ಹತ್ತಿ ರಾಮಕೃಷ್ಣನಗರದಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಆ ಗೇಟಿನ ಮುಂದೆ ಬಂದು ನಿಂತಳು. ಸದ್ದಿಗೆ ಪ್ರೇಮಲೀಲಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಎಲ್ಲವ್ವ ನಿನ್ ಮಾಡಿ ಮನೆ?" ಎಂದಳು ದೇವಿರಮ್ಮ. "ತೋರ್ಸು. ನಾನೂ ಒಂದ್ ಗಳಿಗೆ ಕೂತ್ಕೊಂಡು ಓಯ್ತೀನಿ."

ಒಳಗಿನಿಂದ ಹಿರಿಯರೊಬ್ಬರ ದನಿ ಚಪಾತಿ ಆಯಿತೇ ಎಂದು ಕೇಳಿತು. ದೇವಿರಮ್ಮ ಆ ದನಿಯನ್ನು ಕೇಳಿದಳು, ಎದುರಿನ ಹಿಟ್ಟಿನ ಕೈಯನ್ನು ನೋಡಿದಳು, ಹೊಸ್ತಿಲ ಪಕ್ಕದಲ್ಲಿ ಬಿಟ್ಟಿದ್ದ ಸವೆದ ಚಪ್ಪಲಿಯನ್ನು ನೋಡಿದಳು. ಅವಳ ಕೋಪಕ್ಕೆ ನಿಲ್ಲಲು ಜಾಗ ಇಲ್ಲದಾಯಿತು. ಕೆಲಸ ಮುಗಿಯುವವರೆಗೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಕಾದಳು. ಆಮೇಲೆ ಇಬ್ಬರೂ ಬಸ್‌ಸ್ಟಾಪಿನವರೆಗೆ ನಡೆದರು. ಆ ದಾರಿಯಲ್ಲಿ ಪ್ರೇಮಲೀಲಾ ಬ್ಯಾಂಕಿನಿಂದ ಹಿಡಿದು ಪಡಿತರ ಚೀಟಿಯವರೆಗೆ ಎಲ್ಲವನ್ನೂ ಹೇಳಿದಳು. ಎರಡು ಬಸ್ಸು ಬಂದು ಹೋದವು.

ದೇವಿರಮ್ಮನಿಗೆ ಮತ್ತೆ ಸಿಟ್ಟು ಬಂತು, ಈ ಸಲ ಬೇರೆಯ ಸಿಟ್ಟು.

"ಅನ್ನೆರಡ್ ವರ್ಸ ನಾನು ನಿನ್ ತಾವ ಈಸ್ಕೊಂಡಿದ್ದು ಏನು?"

"ತಾಂಬೂಲ ಅಂತಲೇ ಕೊಟ್ಟಿದ್ದು ದೇವಿರಮ್ಮ. ನಿಮ್ಮನ್ನ ಆಳು ಅಂತ ನಾನು ಯಾವತ್ತೂ..."

"ನೀನು ಅಂಗಂದ್ಕೊಂಡಿದ್ದೆ. ನಾನು ಕೂಲಿ ಅಂತ್ಲೇ ಈಸ್ಕೊಂಡಿದ್ದು. ಸೊಂಟ ಬೀಳಂಗೆ ನಾದಿವ್ನಿ ಕಣಮ್ಮ, ಅದ್ರಲ್ಲೇ ಮಗಳ ಮದ್ವೆ ಮಾಡಿವ್ನಿ. ಈಸ್ಕೊಂಡೆ ಅಂತ ಏಳಕ್ಕೆ ನಂಗ್ಯಾಕೆ ನಾಚ್ಕೆ?"

"ಕಾರ್ಡು ಹೋದ್ರೆ?"

"ಕಾರ್ಡು ನಂದು. ಓದ್ರೆ ನಂದೋಯ್ತದೆ. ನೀನ್ಯಾಕೆ ನನ್ ಪರವಾಗಿ ಮುಂಚೇನೇ ಅಳ್ತಾ ಕೂತಿದ್ದೀಯ?"

ಪ್ರೇಮಲೀಲಾ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕುಳಿತುಬಿಟ್ಟಳು. ಇಷ್ಟು ವರ್ಷ ತಾನು ಗೌರವವೆಂದು ತಿಳಿದದ್ದರೊಳಗೆ ಇನ್ನೊಂದು ಸಂಗತಿಯೂ ಇತ್ತೆಂದು ಅವಳಿಗೆ ಹೊಳೆದದ್ದು ಆಗ. ಹನ್ನೊಂದು ಜನ ದುಡಿದದ್ದಕ್ಕೆ ದುಡಿಮೆಯೆಂಬ ಹೆಸರನ್ನೇ ಅವಳು ಕೊಟ್ಟಿರಲಿಲ್ಲ. ಈಗ ಅವರ ಪರವಾಗಿ ಬೇಡವೆಂದು ತೀರ್ಮಾನಿಸುವಾಗಲೂ ಅವರನ್ನು ಕೇಳಿರಲಿಲ್ಲ. ಎಲ್ಲರಿಗೂ ನಾನೇ ಹೇಳುತ್ತೇನೆ ಎಂದಳು ಅವಳು. ಕಾರ್ಡಿಗೆ ತೊಂದರೆಯಾಗಬಹುದೆಂಬುದನ್ನು ಮೊದಲು ಹೇಳಿ, ಸಹಿಯ ಮಾತನ್ನು ಆಮೇಲೆ ಹೇಳುತ್ತೇನೆ ಎಂದಳು. ಅಂಗೇ ಮಾಡು ಎಂದು ದೇವಿರಮ್ಮ ಮೂರನೆಯ ಬಸ್ಸು ಹತ್ತಿದಳು.

ಐದು ದಿನ ಪ್ರೇಮಲೀಲಾ ಹನ್ನೊಂದು ಮನೆಗಳಿಗೆ ನಡೆದಳು. ಪ್ರತಿ ಮನೆಯಲ್ಲೂ ಅದೇ ಕ್ರಮದಲ್ಲಿ ಹೇಳಿದಳು. ಒಬ್ಬಳ ಗಂಡ ಬಾಗಿಲಲ್ಲೇ ನಿಂತು ಬೇಡವೆಂದ. ಇನ್ನಿಬ್ಬರು ಹೆಂಗಸರು ತಾವೇ ಅವಳ ಮನೆಗೆ ಬಂದು, ಮಕ್ಕಳ ಔಷಧಿಗೆ ಆ ಕಾರ್ಡೇ ಗತಿ, ಆಗುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದರು. ಅವಳು ಅವರಿಗೆ ಕಾಫಿ ಮಾಡಿ ಕೊಟ್ಟಳು, ಮಕ್ಕಳ ಆರೋಗ್ಯ ವಿಚಾರಿಸಿದಳು, ಸಹಿಯ ಮಾತನ್ನು ಮತ್ತೆ ಎತ್ತಲಿಲ್ಲ. ಉಳಿದ ಎಂಟು ಜನ ಒಂದು ಶನಿವಾರ ಬೆಳಿಗ್ಗೆ ನಿಶ್ಚಿತಾಳ ಕಚೇರಿಗೆ ಬಂದರು. ಕುರ್ಚಿ ನಾಲ್ಕೇ ಇದ್ದವು. ನೋಟರಿ ಓದಿ ಹೇಳಿದ್ದನ್ನು ದೇವಿರಮ್ಮ ನಡುವೆ ತಡೆದು, ದಿನಕ್ಕೆ ನಾನೂರಲ್ಲ, ಮದುವೆ ದಿನಗಳಲ್ಲಿ ಐನೂರು ಎಂದು ತಿದ್ದಿಸಿದಳು; ಆಮೇಲೆ ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ತನ್ನ ಹೆಸರು ಬರೆದಳು. ಗಡುವಿಗೆ ಮೂರು ದಿನ ಇರುವಾಗ ಮೇಲ್ಮನವಿ ಹೋಯಿತು.

ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ಎಂಟು ಜನರ ಕೂಲಿಯನ್ನೂ ದಿನಸಿಯ ಖರ್ಚನ್ನೂ ಒಪ್ಪಿಕೊಂಡರು. ಸಹಿಯಿಲ್ಲದ ಮೂವರ ಕೂಲಿಯನ್ನು ಅವಳ ಆದಾಯವೆಂದೇ ಹಿಡಿದರು. ಬಡ್ಡಿ, ದಂಡ ಸೇರಿ ಕಟ್ಟಬೇಕಾದದ್ದು ಎರಡು ಲಕ್ಷ ಹದಿನಾರು ಸಾವಿರಕ್ಕೆ ಇಳಿಯಿತು. ಆ ಮೂವರು ಸಹಿ ಹಾಕಿದ್ದರೆ ಇದರಲ್ಲಿ ಬಹುಪಾಲು ಕಡಿಮೆಯಾಗುತ್ತಿತ್ತೆಂದು ನಿಶ್ಚಿತಾ ಲೆಕ್ಕ ತೋರಿಸಿದಾಗ, ಅದನ್ನು ಅವರಿಗೆ ಹೇಳಬೇಡ ಎಂದಷ್ಟೇ ಪ್ರೇಮಲೀಲಾ ಕೇಳಿಕೊಂಡಳು.

ಈಗಿನ ಸ್ಥಿತಿ ಹೀಗಿದೆ. ದಿವಾಳಿ ಅರ್ಜಿ ಸಲ್ಲಿಕೆಯಾಗಿಲ್ಲ. ತಿಂಗಳಿಗೆ ಒಂಬತ್ತು ಸಾವಿರದಂತೆ ತೆರಿಗೆ ಬಾಕಿಯ ಇಪ್ಪತ್ತನಾಲ್ಕು ಕಂತುಗಳಲ್ಲಿ ಒಂಬತ್ತನ್ನು ಕಟ್ಟಿಯಾಗಿದೆ. ಖಾತೆಯ ತಡೆ ತೆರವಾಗಿದೆ. ಕಾರ್ಖಾನೆಯ ಕಂಟ್ರಾಕ್ಟು ಬೇರೆಯವರ ಪಾಲಾಯಿತು, ಮತ್ತೆ ಸಿಕ್ಕಿಲ್ಲ. ಕೃಷ್ಣಮೂರ್ತಿಪುರಂನ ಅಡುಗೆಕೋಣೆಯಲ್ಲಿ ವಾರಕ್ಕೆ ನಾಲ್ಕು ದಿನ ಆರು ಜನ ಕೆಲಸ ಮಾಡುತ್ತಾರೆ. ಸಹಿ ಹಾಕದ ಮೂವರಲ್ಲಿ ಇಬ್ಬರು ಆ ಆರರಲ್ಲಿದ್ದಾರೆ. ಸಹಿ ಹಾಕಿದ ಇಬ್ಬರ ಪಡಿತರ ಚೀಟಿ ಪರಿಶೀಲನೆಯಲ್ಲಿದೆ, ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಆ ಎರಡು ಮನೆಯ ಅಕ್ಕಿ ಪ್ರೇಮಲೀಲಾಳ ಖರ್ಚು. ಮಹದೇವುವಿಗೆ ಇನ್ನೂ ಒಂದು ಲಕ್ಷ ಎಪ್ಪತ್ತು ಸಾವಿರ ಕೊಡಬೇಕು. ರಾಮಕೃಷ್ಣನಗರದ ಮನೆಗೆ ಅವಳು ಬೆಳಗಿನ ಹೊತ್ತು ಈಗಲೂ ಹೋಗುತ್ತಾಳೆ.