ಅರಳಿನ ಮೇಲೆ ಬಂದ ಅಪವಾದ

ಉಡುಪಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ವಾರಪತ್ರಿಕೆಯಲ್ಲಿ ಪುಟ ಕಟ್ಟಲು ಇದ್ದದ್ದು ಒಂದೇ ಕಂಪ್ಯೂಟರ್. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಕಾರ್ಕಳದ ಸುದ್ದಿ ಆಗಲೂ ಲಕೋಟೆಯಲ್ಲಿ, ಬಸ್ ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು. ಮಲ್ಪೆಯ ಮೀನಿನ ದರವನ್ನು ಬಂದರಿನ ಗದ್ದಲದ ನಡುವಿನಿಂದ ಯಾರೋ ಫೋನಿನಲ್ಲಿ ಕೂಗಿ ಹೇಳುತ್ತಿದ್ದರು. ಎಲ್ಲವೂ ಕೊನೆಗೆ ಬಂದು ಸೇರುತ್ತಿದ್ದದ್ದು ಕಿಟಕಿಯ ಪಕ್ಕದ ಆ ಯಂತ್ರಕ್ಕೆ, ಅದರ ಮುಂದೆ ಕೂರುತ್ತಿದ್ದ ಅಕ್ಕನ ಬೆರಳುಗಳಿಗೆ.

ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ದಿನಾ ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇಪ್ಪತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು. ಮೊಳೆಗಳು ಗುಜರಿಗೆ ಹೋದ ಮೇಲೆ, ನಲವತ್ತೈದು ದಾಟಿದ ವಯಸ್ಸಿನಲ್ಲಿ ಕೀಬೋರ್ಡ್ ಕಲಿತರು. ‘ಈ ಪ್ರಾಯದಲ್ಲಿ ಎಂತ ಕಂಪ್ಯೂಟರ್?’ ಎಂದಿದ್ದ ಪತ್ರಿಕೆಯ ಧಣಿಗಳು ಒಂದು ಷರತ್ತಿನ ಮೇಲೆ ಒಪ್ಪಿದ್ದರು. ಯಂತ್ರ ಅವರ ಕೈಯಲ್ಲಿ ಒಮ್ಮೆ ಕೆಟ್ಟರೂ ಸಾಕು, ಅವರು ಪತ್ರಿಕೆ ಮಡಿಚುವ ಮೇಜಿಗೆ ಹೋಗಬೇಕು. ಈ ಷರತ್ತು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಂಪ್ಯೂಟರ್ ಬಹಳ ನಿಧಾನ. ಒಂದು ಫೋಟೊ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಮಣಿಪಾಲದ ಸೈಬರ್ ಕೆಫೆಯಲ್ಲಿ ಪರಿಚಯವಾದ ಒಬ್ಬರು ಉಪಾಯ ಹೇಳಿಕೊಟ್ಟರು: ಯಂತ್ರ ಚಾಲೂ ಆಗುವಾಗ ಡಿಲೀಟ್ ಕೀ ಒತ್ತಿದರೆ ನೀಲಿ ಪರದೆ ಬರುತ್ತದೆ, ಅಲ್ಲಿ ಮೆಮೊರಿಯ ವೇಗ ನೂರು ಎಂದಿದ್ದರೆ ನೂರ ಮೂವತ್ತಮೂರು ಮಾಡಿ. ಆಯುಧ ಪೂಜೆಯ ಸಂಜೆ ಅಕ್ಕ ಹೂ ತರಲು ಹೋಗಿದ್ದಾಗ ಹಾಗೆಯೇ ಮಾಡಿದೆ. ಉಳಿಸಿ ಹೊರಬರುವಷ್ಟರಲ್ಲಿ ಧಣಿಗಳು, ‘ಆಫ್ ಮಾಡಿ ಮಾರಾಯ್ರೆ, ಪೂಜೆಗೆ ಹೊತ್ತಾಯ್ತು’ ಎಂದರು. ಸ್ವಿಚ್ ಆರಿಸಿದೆ. ಒಂದು ಸುದ್ದಿಯನ್ನು ಎರಡು ಕಡೆ ವಿಚಾರಿಸದೆ ಅಚ್ಚಿಗೆ ಬಿಡದ ನಾನು, ಹೊಸ ವೇಗದಲ್ಲಿ ಯಂತ್ರ ಏಳುತ್ತದೆಯೇ ಎಂದು ಒಮ್ಮೆಯೂ ನೋಡಲಿಲ್ಲ.

ಅಕ್ಕ ಕಂಪ್ಯೂಟರಿಗೆ ಪೂಜೆ ಮಾಡಿದರು. ಮೊಳೆಗಳ ಕಾಲದ ಕ್ರಮವೇ. ವೀಳ್ಯದೆಲೆಯಿಂದ ನೀರು ಚಿಮುಕಿಸಿ, ಗಂಧದ ಬೊಟ್ಟಿಟ್ಟು, ಸೇವಂತಿಗೆ ಮುಡಿಸಿ, ಮೇಲೆ ಒಂದು ಹಿಡಿ ಭತ್ತದ ಅರಳು ಹಾಕಿದರು. ಮರುದಿನ ವಿಜಯದಶಮಿ, ರಜೆ.

ರಜೆ ಕಳೆದು ಬೆಳಿಗ್ಗೆ ಅಕ್ಕ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಬೀಪ್, ಬೀಪ್ ಎಂಬ ಉದ್ದನೆಯ ಸದ್ದು ನಿಲ್ಲದೆ ಬರತೊಡಗಿತು.

‘ನೀರು ಕುಡಿಸಿದ್ರಲ್ಲ ಅದಕ್ಕೆ,’ ಎಂದರು ಧಣಿಗಳು, ಎಲ್ಲರ ಎದುರು. ‘ಸೀಸದ ಮೊಳೆಯಾ ಇದು? ಕರೆಂಟಿನ ಸಾಮಾನು ಅಲ್ವಾ?’

‘ನಾಲ್ಕು ಹನಿ ಧಣಿ. ಮೇಲೆ ಮಾತ್ರ ಹಾಕಿದ್ದು.’

‘ನಾಲ್ಕೋ ನಲವತ್ತೋ. ಮಾತು ಅಂದ್ರೆ ಮಾತು. ನಾಳೆಯಿಂದ ನೀವು ಮಡಿಚುವ ಮೇಜಿಗೆ.’

ಅಕ್ಕ ಕೀಬೋರ್ಡಿನ ಮೇಲೆ ಹೊದಿಸಲು ತಾವೇ ಹೊಲಿದು ತಂದಿದ್ದ ಬಟ್ಟೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು. ನನಗೆ ನೀಲಿ ಪರದೆ ನೆನಪಾಯಿತು. ಮೊದಲು ಕಾರಣ ಖಚಿತವಾಗಲಿ ಎಂದುಕೊಂಡೆ. ಪತ್ರಕರ್ತನಿಗೆ ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಗೌರವದ ನೆಪ ಸಿಗಲಾರದು.

ಮಧ್ಯಾಹ್ನ ಮಣಿಪಾಲದಿಂದ ರಿಪೇರಿಯವರು ಸ್ಕೂಟರಿನಲ್ಲಿ ಬಂದರು. ಗದಗಿನ ಕಡೆಯವರು. ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿ, ಒಂದು ಕಾಳು ಅರಳನ್ನು ಎತ್ತಿ ಹಿಡಿದರು.

‘ಸಿಕ್ಕ ನೋಡ್ರಿ ಕಳ್ಳ!’

ಎಲ್ಲರೂ ಅಕ್ಕನ ಕಡೆ ನೋಡಿದರು. ‘ಚಾಷ್ಟಿ ಮಾಡಿದೆ ಬಿಡ್ರಿ, ಅರಳಿಗೆಲ್ಲ ಕಂಪ್ಯೂಟರ್ ಸಾಯೂದಿಲ್ಲ,’ ಎಂದು ಅವರೇ ಹೇಳಿದರು. ಅದು ಯಾರ ಕಿವಿಗೂ ಬೀಳಲಿಲ್ಲ.

ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಉಪ್ಪುಗಾಳಿಯ ನಮ್ಮೂರಿನಲ್ಲಿ ಯಾವ ಕಾಯಿಲೆಗೂ ಅದೇ ಮೊದಲ ಮದ್ದು. ಪಟ್ಟಿಯನ್ನು ಮತ್ತೆ ಕೂರಿಸಿದರು. ಮತ್ತೆ ಅದೇ ಬೀಪ್. ಆಮೇಲೆ ಒಳಗಿದ್ದ ನಾಣ್ಯದಂಥ ಬ್ಯಾಟರಿಯನ್ನು ತೆಗೆದಿಟ್ಟು ಒಂದು ಲೋಟ ಚಹಾ ಕುಡಿದರು. ಬ್ಯಾಟರಿ ಹಾಕಿ ಸ್ವಿಚ್ ಒತ್ತಿದರು. ಒಂದೇ ಒಂದು ಗಿಡ್ಡ ಬೀಪ್. ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು. ತಾರೀಕು ಯಾವುದೋ ಹಳೆಯ ವರ್ಷದ ಜನವರಿ ಒಂದಕ್ಕೆ ಹೋಗಿತ್ತು.

‘ಸೆಟ್ಟಿಂಗ್ ಎಲ್ಲಾ ಮರತೈತ್ರಿ. ಮೊದಲ ಹೆಂಗಿತ್ತು ಹಂಗ ಆಗೇತಿ.’

‘ಕಾರಣ ಎಂತ?’ ಎಂದರು ಧಣಿಗಳು.

‘ಹಿಂಗ ಅಂತ ಹೇಳಾಕ ಬರೂದಿಲ್ರಿ. ಥಂಡಿ ಹಿಡದಿರಬೇಕು.’

‘ನೀರೇ,’ ಎಂದು ಧಣಿಗಳು ತಲೆಯಾಡಿಸಿದರು.

ಬ್ಯಾಟರಿಯ ಜೊತೆಗೆ ನನ್ನ ನೂರ ಮೂವತ್ತಮೂರೂ ಅಳಿಸಿಹೋಗಿತ್ತು. ಅದು ಇನ್ನು ಉಳಿದದ್ದು ನನ್ನ ತಲೆಯಲ್ಲಿ ಮಾತ್ರ. ನಮ್ಮ ಪತ್ರಿಕೆಗೆ ಧಣಿಗಳೇ ಮಾಡಿದ ಒಂದು ನಿಯಮವಿತ್ತು. ತಪ್ಪು ಯಾವ ಪುಟದಲ್ಲಿ ಬಂತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು. ಅಪವಾದ ಎಲ್ಲರ ಎದುರು ಬಂದಿತ್ತು. ಧಣಿಗಳನ್ನು ಒಳಗೆ ಕರೆದು ಪಿಸುಗುಟ್ಟಿದರೆ ಆಗುತ್ತಿರಲಿಲ್ಲ.

‘ನೀರಲ್ಲ ಧಣಿ,’ ಎಂದೆ. ‘ಪೂಜೆಗೆ ಮುಂಚೆ ಮೆಮೊರಿಯ ವೇಗ ಬದಲಿಸಿದ್ದು ನಾನು. ಆ ವೇಗ ತಾಳದೆ ಅದು ಏಳಲಿಲ್ಲ.’

ಮೊದಲು ನಕ್ಕವರು ರಿಪೇರಿಯವರು. ‘ಏನ್ರೀ ಸಾಹೇಬ್ರ, ಇದನ್ನ ಆಗಲೇ ಹೇಳಿದ್ರ ನಂಗ ರಬ್ಬರ್ ಉಜ್ಜೂದು ತಪ್ಪತಿತ್ತಲ್ರಿ!’

ಧಣಿಗಳು ನನ್ನನ್ನು ನೋಡಿದರು. ಅಕ್ಕನ ಚೀಲವನ್ನು ನೋಡಿದರು. ‘ಅಕ್ಕ, ತಾರೀಕು ಸರಿ ಮಾಡಿ. ಎರಡು ಪುಟ ಬಾಕಿ ಉಂಟು,’ ಎಂದು ಒಳಗೆ ಹೋದರು. ಅವರ ತಿದ್ದುಪಡಿ ಅಷ್ಟೇ, ಸಣ್ಣ ಅಕ್ಷರದ್ದು.

ಅಕ್ಕ ಕುರ್ಚಿಯಲ್ಲಿ ಕೂತರು. ತಿರುಗಿ ನೋಡದೆಯೇ, ‘ಅರ್ಧ ದಿನ ಬೇಕಾಯ್ತಾ ನಿಮಗೆ?’ ಎಂದು ಕೇಳಿದರು. ಆಮೇಲೆ ಒಂದು ಚೀಟಿಯಲ್ಲಿ ‘ಮೆಮೊರಿ ನೂರು. ಯಾರೂ ಮುಟ್ಟಬಾರದು’ ಎಂದು ದುಂಡಗೆ ಬರೆದು ಮಾನಿಟರಿಗೆ ಅಂಟಿಸಿದರು. ಆ ಯಂತ್ರ ಇದ್ದಷ್ಟು ಕಾಲ ಚೀಟಿಯೂ ಇತ್ತು.

ಮುಂದಿನ ವರ್ಷದ ಆಯುಧ ಪೂಜೆಗೂ ಅಕ್ಕನೇ ವೀಳ್ಯದೆಲೆ ಹಿಡಿದರು. ಎಲೆಯನ್ನು ನೀರಿನಲ್ಲಿ ಅದ್ದಿ, ಕಂಪ್ಯೂಟರಿನ ಕಡೆ ಹೋಗದೆ ನನ್ನ ಮೇಜಿನ ಹತ್ತಿರ ಬಂದು, ನನ್ನ ನೆತ್ತಿಯ ಮೇಲೆ ಧಾರಾಳವಾಗಿ ಚಿಮುಕಿಸಿದರು.

‘ಈ ಸಾಮಾನಿಗೆ ಮೊದಲು ಪೂಜೆ ಆಗಬೇಕು ಮಾರಾಯ್ರೆ,’ ಎಂದು ಧಣಿಗಳಿಗೆ ಕೇಳುವ ಹಾಗೆ ಹೇಳಿದರು. ‘ಇದು ಸರಿ ಇದ್ರೆ ಉಳಿದದ್ದೆಲ್ಲ ಸ್ಟಾರ್ಟ್ ಆಗ್ತದೆ.’