ತೊಳೆದು ಬಂದ ಡಬ್ಬಿ

ಬೆಳಗಿನ ಆರೂಕಾಲು. ಶಾಲೆಯ ಶೌಚಾಲಯಗಳ ಸಾಲಿನಲ್ಲಿ ಒಬ್ಬಾಕೆ ಒಂದೊಂದೇ ಬಾಗಿಲಿನ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದಾರೆ. ಹದಿನಾಲ್ಕು ಬಾಗಿಲು. ಬಿಗಿಯಾದ ಚಿಲಕಕ್ಕೆ ಎರಡು ಹನಿ ಎಣ್ಣೆ. "ಒಳಗೆ ಸಿಕ್ಕಾಕ್ಕೊಂಡ್ರೆ ಮಗು ಗಾಬರಿ ಬೀಳತ್ತೆ. ಆಮೇಲೆ ಈ ಕಡೆ ಬರ್ಬೇಕಾಗತ್ತಲ್ಲ ಅಂತ ಇಡೀ ದಿನ ನೀರೇ ಕುಡಿಯಲ್ಲ" ಎನ್ನುತ್ತಾರೆ. ಕೈ ಕೆಲಸ ಮಾಡುತ್ತಿದೆ, ಮನಸ್ಸು ಮಾತ್ರ ಇಲ್ಲಿಲ್ಲ. ಅದು ನಿನ್ನೆ ಮಧ್ಯಾಹ್ನದ ಒಂದು ಊಟದ ಡಬ್ಬಿಯ ಹತ್ತಿರವೇ ನಿಂತುಬಿಟ್ಟಿದೆ.

ಮಕ್ಕಳಿಗೆಲ್ಲ ಈಕೆ ಆಯಮ್ಮ. ಹತ್ತೊಂಬತ್ತು ವರ್ಷದಿಂದ ಇಲ್ಲೇ. ಗಂಡ ತೀರಿಕೊಂಡ ತಿಂಗಳಲ್ಲೇ, ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಪೊರಕೆ ಹಿಡಿದವರು. ಗುಡಿಸುವುದು, ಒರೆಸುವುದು, ಬಿದ್ದವರನ್ನು ಎತ್ತುವುದು, ಒದ್ದೆಯಾದವರಿಗೆ ಬಟ್ಟೆ ಬದಲಿಸುವುದು, ಎಲ್ಲ ಇವರ ಪಾಲಿಗೆ. ನಾನೂರ ಹನ್ನೆರಡು ಮಕ್ಕಳು ಕೆಳಗಿನ ಹಾಲ್‌ನಲ್ಲಿ ಊಟ ಮಾಡುತ್ತಾರೆ. ಊಟ ಮುಗಿದ ಮೇಲೆ ತರಗತಿಗೊಂದರಂತೆ ಇಟ್ಟಿರುವ ಪ್ಲಾಸ್ಟಿಕ್ ಬುಟ್ಟಿಗಳಿಗೆ ಡಬ್ಬಿಗಳು ಬಂದು ಬೀಳುತ್ತವೆ. ಬುಟ್ಟಿಗಳು ಹನ್ನೊಂದು, ಮೆಟ್ಟಿಲು ಮೂವತ್ತಾರು. ಹೊತ್ತು ಹತ್ತುವವರು ಒಬ್ಬರೇ.

ಮೇಲಕ್ಕೆ ಒಯ್ಯುವ ಮುಂಚೆ ಆಯಮ್ಮ ಪ್ರತಿ ಡಬ್ಬಿಯನ್ನೂ ಒಮ್ಮೆ ಕೈಯಲ್ಲಿ ಎತ್ತಿ ಇಡುತ್ತಾರೆ. ಯಾರೂ ಹೇಳಿಕೊಟ್ಟ ಕೆಲಸವಲ್ಲ. ಭಾರವಿದ್ದರೆ ಮಗು ಊಟ ಮಾಡಿಲ್ಲ, ಅಷ್ಟು ಸುಲಭದ ಲೆಕ್ಕ. ಆ ಲೆಕ್ಕವೇ ಒಮ್ಮೆ ಕೈಕೊಟ್ಟಿತು.

ಎರಡು ವರ್ಷದ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಡಬ್ಬಿ ದಿನವೂ ಹಗುರವಾಗಿಯೇ ಬರುತ್ತಿತ್ತು. ಆಯಮ್ಮನಿಗೆ ಖುಷಿಯೋ ಖುಷಿ. ಒಂದು ದಿನ ಅದೇ ಹುಡುಗಿ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು, ಹಲ್ಲು ಮುರಿಯಿತು. ವಾರದಿಂದ ಊಟವನ್ನೆಲ್ಲ ಕಸದ ಡಬ್ಬಕ್ಕೆ ಸುರಿದು, ಗುರುತು ಸಿಗಬಾರದೆಂದು ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದಿಡುತ್ತಿದ್ದಳಂತೆ. "ಊಟ ಮಾಡಿದ ಮಗು ಡಬ್ಬಿ ತೊಳಿಯತ್ತಾ? ಮುಚ್ಚಳ ಹಾಕಿದ್ರೇ ದೊಡ್ಡದು! ಥಳಥಳ ಅಂತಿತ್ತು ಕಣ್ರೀ ಆ ಡಬ್ಬಿ. ಒಳ್ಳೇ ಮಗು, ಎಷ್ಟು ಚೊಕ್ಕಟ ಅಂದ್ಕೊಂಡೆ. ನನ್ನ ಬುದ್ಧಿಗಿಷ್ಟು!"

ಅಂದಿನಿಂದ ಡಬ್ಬಿ ಎತ್ತಿ ನೋಡುವುದರ ಜೊತೆಗೆ ಮುಚ್ಚಳ ತೆರೆದೂ ನೋಡುತ್ತಾರೆ. ಮೊನ್ನೆ ಎಂಟನೆಯ ತರಗತಿಯ ಬುಟ್ಟಿಯಲ್ಲಿ ನೇರಳೆ ಮುಚ್ಚಳದ ಡಬ್ಬಿಯೊಂದು ತೊಳೆದು ಬಂದಿತ್ತು. ನಿನ್ನೆಯೂ ಅಷ್ಟೇ, ಒಳಗೆ ಇನ್ನೂ ನೀರಿನ ಹನಿ ಇತ್ತು.

ಹಾಗಾದರೆ ಓಡಿಹೋಗಿ ಹೇಳಬಾರದೆ? ಹೇಳಿ ಕೈ ಸುಟ್ಟುಕೊಂಡಿದ್ದೂ ಇದೆ. ಕಳೆದ ವರ್ಷ ಐದನೆಯ ತರಗತಿಯ ಹುಡುಗನ ಡಬ್ಬಿ ತೊಳೆದು ಬಂತೆಂದು ಶಾಲೆಯೆಲ್ಲ ಎಬ್ಬಿಸಿದರು. ಮರುದಿನ ಅವನ ತಾಯಿ ಬಂದು ಗೇಟಿನಲ್ಲೇ ಝಾಡಿಸಿದರು. "ತೊಳ್ಕೊಂಡು ಬಾ ಅಂತ ಮಗನಿಗೆ ಹೇಳ್ಕೊಟ್ಟಿದ್ದು ತಪ್ಪಾ? ಕಸ ಗುಡಿಸೋರಿಗೆ ನಮ್ಮನೆ ವಿಷಯ ಯಾಕೆ?" ಗೇಟ್ ಕಾಯುವ ತಾತ ಈಗಲೂ ಅದನ್ನೇ ಹೇಳಿ ಕಿಚಾಯಿಸುತ್ತಾನೆ. ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳದೂ ದಿನಾ ಒಂದೇ ರಾಗ: "ಊರ ಉಸಾಬರಿ ಎಲ್ಲಾ ನಿಂಗ್ಯಾಕಮ್ಮ? ಕೆಲಸ ಹೋದ್ರೆ ಏನ್ಮಾಡ್ತೀಯ?"

ಹೇಳಿ ತಪ್ಪಾದರೆ ಕೆಲಸಕ್ಕೆ ಕುತ್ತು, ಹೇಳದೆ ಉಳಿದರೆ ಇನ್ನೊಂದು ಮಗು ಮೆಟ್ಟಿಲ ಮೇಲೆ. ಈ ಬೆಳಿಗ್ಗೆ ಹದಿನಾಲ್ಕನೆಯ ಚಿಲಕ ಮುಗಿದರೂ ಆಯಮ್ಮನಿಗೆ ದಾರಿ ಕಂಡಿಲ್ಲ. ತಂದ ತಿಂಡಿ ಹಾಗೇ ಇದೆ.

ಮಧ್ಯಾಹ್ನ ಒಂದೂವರೆ. ನೇರಳೆ ಮುಚ್ಚಳ ತೆರೆದರೆ ಮತ್ತೆ ಥಳಥಳ. ಆಯಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು, ಸೆರಗಲ್ಲಿ ಕೈ ಒರೆಸಿಕೊಂಡು, ದೊಡ್ಡ ಮೇಡಂ ಕೋಣೆಗೆ ನಡೆಯುತ್ತಾರೆ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಕರೆಯುವುದು ಹಾಗೆಯೇ. "ಮೇಡಂ, ತಪ್ಪಾದ್ರೆ ಬೈರಿ. ಇವತ್ತಿಗೆ ಮೂರನೇ ದಿನ. ಇನ್ನು ನನ್ನ ಕೈಲಿ ಸುಮ್ನಿರಕ್ಕಾಗಲ್ಲ."

ದೊಡ್ಡ ಮೇಡಂ ಬೈಯುವುದಿಲ್ಲ. ಹಲ್ಲು ಮುರಿದ ಆ ಘಟನೆಯ ನಂತರ ಅವರೇ ಒಂದು ಪದ್ಧತಿ ತಂದಿದ್ದಾರೆ. ಪ್ರತಿ ಶನಿವಾರ ಮೇಷ್ಟರುಗಳ ಜೊತೆ ಬಸ್ ಡ್ರೈವರ್, ಗೇಟ್ ತಾತ, ಆಯಮ್ಮ ಎಲ್ಲರೂ ಒಂದೇ ಸಾಲಿನಲ್ಲಿ ಕೂತು, ಯಾವ ಮಗು ಮಂಕಾಗಿದೆ ಎಂದು ಹತ್ತು ನಿಮಿಷ ಮಾತಾಡುತ್ತಾರೆ. ಇಂದು ಬುಧವಾರ. ಆದರೂ ಎಲ್ಲರಿಗೂ ಕರೆ ಹೋಗುತ್ತದೆ, ಡಬ್ಬಿಯ ಮೇಲೆ ಬರೆದ ಹೆಸರಿನ ಹುಡುಗಿಯ ಬಗ್ಗೆ ಮೇಡಂ ಕೇಳುತ್ತಾರೆ. "ಎರಡು ವಾರದಿಂದ ಕೊನೇ ಸೀಟಲ್ಲಿ ಒಬ್ಳೇ ಕೂರ್ತಾಳೆ" ಎನ್ನುತ್ತಾನೆ ಡ್ರೈವರ್. "ಸಾಕು ಅಂದ್ರೂ ಮೈದಾನ ಸುತ್ತೋದು ನಿಲ್ಲಿಸಲ್ಲ, ಒಳ್ಳೆ ಓಟಗಾರ್ತಿ ಅಂದ್ಕೊಂಡಿದ್ದೆ" ಎನ್ನುತ್ತಾರೆ ಆಟದ ಮೇಷ್ಟ್ರು. ಬಿಡಿಬಿಡಿಯಾಗಿದ್ದಾಗ ಯಾವುದಕ್ಕೂ ಅರ್ಥವಿರಲಿಲ್ಲ. ಈಗ ಮೂರೂ ಒಟ್ಟಿಗೆ ಸೇರಿವೆ.

ಹುಡುಗಿಯನ್ನು ಆಫೀಸಿಗೆ ಕರೆಸುವುದಿಲ್ಲ. ಅವಳಿಗೆ ಇಷ್ಟವಾದ ಚಿತ್ರಕಲೆ ಟೀಚರ್ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ಮೊದಲ ದಿನ ಅವಳು ಬಾಯೇ ಬಿಡುವುದಿಲ್ಲ. ಎರಡನೆಯ ದಿನ ಅಳು ಬರುತ್ತದೆ, ಅಳುವಿನ ಜೊತೆಗೆ ತರಗತಿಯ ನಾಲ್ವರು ಇಟ್ಟ ಅಡ್ಡಹೆಸರು: 'ಪೀಪಾಯಿ'. ಆ ನಾಲ್ವರನ್ನೂ ಕೂರಿಸಿ ಮಾತಾಡುತ್ತಾರೆ. ಹುಡುಗಿಯ ತಾಯಿಗೆ ಹೇಳಿಕಳಿಸುತ್ತಾರೆ, ಅವಳನ್ನು ವೈದ್ಯರ ಬಳಿಗೂ ಕರೆದೊಯ್ಯುತ್ತಾರೆ. ಆಯಮ್ಮ ಗೇಟಿನತ್ತ ನೋಡಲೂ ಹೆದರಿಕೊಂಡಿದ್ದಾರೆ, ಈ ತಾಯಿಯೂ ಬಂದು ಝಾಡಿಸುತ್ತಾಳೋ ಏನೋ ಎಂದು. ಆಕೆ ಬರುತ್ತಾಳೆ. ಬಂದವಳು ಬೈಯುವುದಿಲ್ಲ, ಆಯಮ್ಮನ ಕೈ ಹಿಡಿದುಕೊಂಡು ನಿಂತೇ ಇರುತ್ತಾಳೆ.

ಹದಿನೇಳು ದಿನ ಕಳೆದಿವೆ. ನೇರಳೆ ಮುಚ್ಚಳದ ಡಬ್ಬಿ ಕೆಲವು ದಿನ ತುಂಬಿಯೇ ವಾಪಸ್ ಬಂದಿದೆ, ಒಮ್ಮೆ ಮತ್ತೆ ತೊಳೆದೂ ಬಂದಿದೆ. ಪೂರ್ತಿ ವಾಸಿಯಾಯಿತು ಎನ್ನಲು ಯಾರಿಗೂ ಧೈರ್ಯವಿಲ್ಲ. ಪ್ರತಿ ಮಧ್ಯಾಹ್ನ ಆಯಮ್ಮ ಮೊದಲು ಕೈ ಹಾಕುವುದು ಆ ಮುಚ್ಚಳಕ್ಕೇ.

ಇಂದೂ ತೆರೆಯುತ್ತಾರೆ. ಅರ್ಧ ಖಾಲಿ. ಅಂಚಿಗೆಲ್ಲ ಎಣ್ಣೆಜಿಡ್ಡು, ಮೂಲೆಯಲ್ಲಿ ಕಚ್ಚಿ ಬಿಟ್ಟ ತುಂಡು, ಮುಚ್ಚಳದ ಮೇಲೆ ಬೆರಳಿನ ಗುರುತು. ಆಯಮ್ಮ ಅದನ್ನು ಎರಡು ಸಲ ನೋಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಹನ್ನೊಂದನೆಯ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ನಗುತ್ತಾರೆ. "ನಂಗೇನ್ ಬೇಕು? ನಾಳೆನೂ ಹೀಗೇ ಗಲೀಜಾಗಿ ಬರ್ಲಿ, ಸಾಕು."