ಡೀ ಮನೆ ಎಲ್ಲಿ?

ಠಣ್, ಠಣ್ ಎಂದು ಕಾಫಿ ಬಟ್ಟಲಿಗೆ ಚಮಚ ಬಡಿಯಿತು. ಸೋಮವಾರದ ಓದು ಶುರು ಎಂದು ಮುಖ್ಯ ಬರಹಗಾರ ನೀಲ್ ಹ್ಯಾವರ್ಲಿ ಹೊಡೆಯುವ ಗಂಟೆ ಅದು. ತೊಂಬತ್ತನಾಲ್ಕನೆಯ ಇಸವಿ. ಅಮೆರಿಕದ ಬರ್ಬ್ಯಾಂಕಿನ ಆ ಸ್ಟುಡಿಯೋದಲ್ಲಿ ನಗೆ ಧಾರಾವಾಹಿಯವರೆಲ್ಲ ಉದ್ದ ಮೇಜಿನ ಸುತ್ತ ಕೂತು ವಾರದ ಕಂತನ್ನು ಗಟ್ಟಿಯಾಗಿ ಓದುವರು.

ಏಳು ವರ್ಷದಿಂದ ಒರೆತಾ ಪೆಟಿಫೋರ್ಡ್ ಅಲ್ಲಿ ಡೀ. ಡೀ ಎಂದರೆ ನಾಯಕಿ ಕ್ಯಾರಲ್‌ಳ ಕಪ್ಪು ಗೆಳತಿ. ಹಿಂಬಾಗಿಲಿನಿಂದ ಬಂದು, ಚುರುಕು ಮಾತೊಂದು ಎಸೆದು, ಕ್ಯಾರಲ್‌ಳ ಕಣ್ಣೀರು ಒರೆಸಿ ಹೋಗುವವಳು. ಎಲ್ಲಿಗೆ ಹೋಗುತ್ತಾಳೆಂದು ಯಾರೂ ಬರೆದಿರಲಿಲ್ಲ. ಅದಕ್ಕೂ ಮೊದಲು ಒರೆತಾ ಹನ್ನೊಂದು ನರ್ಸುಗಳಾಗಿ, ಮೂರು ನ್ಯಾಯಾಧೀಶೆಯರಾಗಿ ಬಂದುಹೋಗಿದ್ದಳು. ಅವರಲ್ಲಿ ಒಬ್ಬಳಿಗೂ ಹೆಸರಿರಲಿಲ್ಲ. ಪ್ರತಿ ಗುರುವಾರ ಕಂತು ಮುಗಿದೊಡನೆ ಗ್ಯಾರಿ ಊರಿನಿಂದ ಅವಳಮ್ಮನ ಫೋನು: "ಅಲ್ವೇ, ನಿನ್ನ ಡೀಗೆ ಮನೆ ಮಠ ಇಲ್ವೇನೇ? ಯಾವಾಗ ನೋಡಿದ್ರೂ ಆ ಬಿಳಿ ಹುಡುಗಿ ಅಡುಗೆಮನೇಲೇ ಬಿದ್ದಿರ್ತಾಳಲ್ಲ!"

ಈ ಸಲ ಒರೆತಾ ಗಟ್ಟಿ ಮನಸ್ಸು ಮಾಡಿದ್ದಳು: ಡೀಗೊಂದು ಮನೆ, ಇಲ್ಲದಿದ್ದರೆ ಎಂಟನೆಯ ವರ್ಷಕ್ಕೆ ತಾನಿಲ್ಲ. ನಲವತ್ತನಾಲ್ಕರ ಕಪ್ಪು ನಟಿಗೆ ಹೊರಗೆ ಕಾದಿರುವುದು ಹನ್ನೆರಡನೆಯ ನರ್ಸು ಎಂದು ಅವಳಿಗೆ ಗೊತ್ತಿತ್ತು.

ಒಂಬತ್ತನೆಯ ಪುಟದಲ್ಲಿ ಅವಳ ಸಾಲು: "ಕ್ಯಾರಲ್, ಅಮ್ಮ ಹೋಗ್ಬಿಟ್ಲು ಕಣೆ." ಮುಂದಿನ ಹತ್ತು ಪುಟ ಅಳುವವಳು ಕ್ಯಾರಲ್.

ಒರೆತಾ ಓದು ನಿಲ್ಲಿಸಿದಳು. "ನೀಲ್, ಡೀ ಅಮ್ಮನ್ನ ಮೂರನೇ ವರ್ಷದಲ್ಲೇ ಮಣ್ಣು ಮಾಡಿದೀವಲ್ಲಪ್ಪ."

"ಏನು? ಯಾವಾಗ?"

"ಕ್ಯಾರಲ್ ಶೂ ಕಳ್ಕೊಂಡ ಕಂತು. ಅದನ್ನ ಹುಡುಕ್ತಾ ಹುಡುಕ್ತಾ ನಮ್ಮಮ್ಮನ ಮಣ್ಣಿಗೇ ತಡ ಆಯ್ತು. ಜನ ಬಿದ್ದು ಬಿದ್ದು ನಕ್ರು."

ನೀಲ್ ತನ್ನ ಬರಹಗಾರರತ್ತ ನೋಡಿದ. ಆರೂ ಜನ ತಲೆ ತಗ್ಗಿಸಿದರು. ಕ್ಯಾರಲ್‌ಳ ನಾಯಿಯ ಹುಟ್ಟುಹಬ್ಬವನ್ನೂ ಮರೆಯದವರು ಅವರು.

"ಸರಿ, ಚಿಕ್ಕಮ್ಮ ಅಂತ ಮಾಡೋಣ."

"ಅವಳು ಐದನೇ ವರ್ಷ ಹೋದಳು. ಕ್ರಿಸ್‌ಮಸ್ ಕಂತು."

"ಅಣ್ಣ?"

"ಅವನು ಎರಡು ಸಲ."

ಮೇಜಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಒರೆತಾ ನಗಲಿಲ್ಲ. "ನಮ್ಮ ಮನೇಲಿ ಸಾಯೋಕೆ ಜನ ಸಾಲ್ತಿಲ್ಲ ಮಾರಾಯ. ಬದುಕಿರೋ ಒಬ್ಬರನ್ನ ಕೊಡು. ಅವರಿಗೊಂದು ಮನೆ ಕೊಡು. ಈ ವಾರ ಕ್ಯಾರಲ್ ಬಂದು ನನ್ನ ಬಾಗಿಲು ತಟ್ಲಿ. ಇಲ್ದಿದ್ರೆ ಡೀನೂ ಸತ್ಲು ಅಂತ ಬರ್ಕೊ, ನಾನು ಇವತ್ತೇ ಹೊರಟೆ."

ನೀಲ್ ಕನ್ನಡಕ ತೆಗೆದು ಒರೆಸಿದ. "ಯಾರು ಉಳಿದಿದಾರೆ ನಿಮ್ಮನೇಲಿ?"

"ಅಜ್ಜಿ. ಅವಳ ನೆನಪು ನಿಮಗ್ಯಾರಿಗೂ ಬರ್ಲಿಲ್ಲ, ಅದಕ್ಕೇ ಬದುಕಿದಾಳೆ."

ಈಗ ಇಡೀ ಮೇಜು ನಕ್ಕಿತು. ಕ್ಯಾರಲ್ ಪಾತ್ರದ ಗ್ರೆಚೆನ್ ಮೇಜು ಗುದ್ದಿದಳು. "ನಾನು ತಟ್ತೀನಿ. ಏಳು ವರ್ಷ ಇವಳು ನನ್ನ ಫ್ರಿಜ್ ಖಾಲಿ ಮಾಡಿದಾಳೆ, ಈಗ ನಾನು ಇವಳಜ್ಜಿ ಪಾತ್ರೆಗೆ ಕೈ ಹಾಕ್ತೀನಿ."

ನೀಲ್ ಒಂಬತ್ತನೆಯ ಪುಟದಿಂದ ಕೊನೆಯವರೆಗೂ ಹಾಳೆ ಹರಿದು ಬುಟ್ಟಿಗೆ ಹಾಕಿದ. "ಆಯ್ತು ಕಣಮ್ಮ, ಗೆದ್ದೆ. ಆದ್ರೆ ಶುಕ್ರವಾರ ಶೂಟಿಂಗು. ಅಷ್ಟರಲ್ಲಿ ಮನೆ ಎಲ್ಲಿಂದ ತರ್ಲಿ?"

"ಸೆಟ್ ಕಟ್ಟೋ ಬಡಗಿಗಳು ಇನ್ನೂ ಊಟಕ್ಕೆ ಹೋಗಿಲ್ಲ," ಎನ್ನುತ್ತಾ ಒರೆತಾ ಕುರ್ಚಿ ಹಿಂದೆ ತಳ್ಳಿದಳು.

"ಏಯ್, ಕೂತ್ಕೊ ತಾಯಿ! ಮೊದಲು ಬರೀಬೇಕು. ಎಷ್ಟು ಕೋಣೆ ಅಂತನಾದ್ರೂ ಹೇಳಿ ಹೋಗು, ನಾನೇನು..."

ಒರೆತಾ ಆಗಲೇ ಅಂಗಳ ದಾಟುತ್ತಿದ್ದಳು, ಮುಂದೊಂದು ಅಗಲವಾದ ಜಗಲಿ ಇರಲಿ ಎಂದು ಬಡಗಿಗೆ ಕೂಗಿ ಹೇಳುತ್ತ.